ಪಕ್ಕದೂರಿನವರನ್ನು ಸೋಲಿಸಿ ದಿಲ್ಲಿಗೆ ಹೋಗ್ತೀರಾ?

ಹೋದ ತಿಂಗಳು ನಮ್ಮ ಶೆಟ್ಟಿಕೆರೆಯ ಟೀ ಅಂಗಡಿ ಮುಂದೆ ಒಂದು ಚರ್ಚೆ ನಡೆಯಿತು. ಕೆಲವು ವರ್ಷಗಳ ಹಿಂದೆ ನಿಂತುಹೋದ ವಾಲಿಬಾಲ್ ಪಂದ್ಯಾವಳಿಯನ್ನು ಮತ್ತೆ ಶುರು ಮಾಡಬೇಕು ಅಂತ ಊರಿನ ಹುಡುಗರು ಓಡಾಡುತ್ತಿದ್ದಾರೆ. ಸುತ್ತಮುತ್ತಲ ಹಳ್ಳಿಗಳ ತಂಡಗಳನ್ನು ಕರೆಯೋದು, ಎರಡು ದಿನ ಆಡಿಸೋದು, ಗೆದ್ದವರಿಗೆ ಒಂದು ಕಪ್ಪು ಕೊಡೋದು, ಇಷ್ಟೇ ಯೋಜನೆ.

ಚಂದಾ ಕೇಳೋಕೆ ಹೋದಾಗ ನಮ್ಮ ದೊಡ್ಡಪ್ಪ ಹೇಳಿದ್ದು ಇಷ್ಟು: "ಅಲ್ಲ ಕಣ್ರಪ್ಪ, ಪಕ್ಕದೂರ್ನೋರ್ನ ಸೋಲ್ಸಿ ನೀವೇನು ದಿಲ್ಲಿಗೆ ಹೋಗ್ತೀರಾ? ಆವತ್ತು ಆಡಿದ್ದಕ್ಕೇ ಇವತ್ತಿನ ಗಂಟ ಅವರು ನಾವು ಸರಿಯಾಗಿ ಮಾತಾಡಲ್ಲ. ಸುಮ್ನೆ ಕಾಯಿ ಸುಲ್ಕೊಂಡು ಇರ್ರಿ."

ದೊಡ್ಡಪ್ಪ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆ ಪಂದ್ಯಾವಳಿ ನಿಂತದ್ದೇ ಜಗಳದಿಂದ. ಫೈನಲ್‌ನಲ್ಲಿ ಚೆಂಡು ಗೆರೆ ಒಳಗೆ ಬಿತ್ತೋ ಹೊರಗೆ ಬಿತ್ತೋ ಅನ್ನೋದು ಪ್ರಶ್ನೆ. ಅಂಪೈರ್ ನಮ್ಮೂರಿನವರೇ ಆಗಿದ್ದರು, ನಮ್ಮ ಕಡೆಗೇ ಹೇಳಿದರು. ಮಾತು ಬೆಳೆಯಿತು, ನೆಟ್ಟು ಹರಿಯಿತು, ಕಪ್ಪು ಯಾರಿಗೂ ಕೊಡದೆ ಇವತ್ತಿಗೂ ಯಾರದೋ ಮನೆ ಅಟ್ಟದ ಮೇಲೆ ಕೊಬ್ಬರಿ ಜೊತೆ ಕೂತಿದೆ.

ದೊಡ್ಡಪ್ಪನ ಪ್ರಶ್ನೆಗೆ ನಮ್ಮ ಹುಡುಗರು ತಲೆ ಕೆರೆದುಕೊಂಡರು. ನನಗೆ ಹೇಳಬೇಕು ಅನ್ನಿಸಿದ್ದು ಟೀ ಕುಡಿದು ಮುಗಿಸುವಷ್ಟರಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಉತ್ತರ ಇರೋದು 2023ರ ಜುಲೈ 4ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಾನು ಕೂತು ನೋಡಿದ ಒಂದು ಫುಟ್ಬಾಲ್ ಪಂದ್ಯದಲ್ಲಿ.

ಅದು ಯಾವ ಪಂದ್ಯ?

ಸ್ಯಾಫ್ ಚಾಂಪಿಯನ್‌ಶಿಪ್‌ನ ಫೈನಲ್. ಸ್ಯಾಫ್ ಅಂದರೆ ದಕ್ಷಿಣ ಏಷ್ಯಾದ ಫುಟ್ಬಾಲ್ ಒಕ್ಕೂಟ. ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಭೂತಾನ್, ಮಾಲ್ಡೀವ್ಸ್ ಇದರ ಸದಸ್ಯರು. ಮೊದಲು ಅಫ್ಘಾನಿಸ್ತಾನವೂ ಇತ್ತು, ಆಮೇಲೆ ಅವರು ಮಧ್ಯ ಏಷ್ಯಾದ ಒಕ್ಕೂಟಕ್ಕೆ ಹೋದರು. ಒಟ್ಟಿನಲ್ಲಿ ಅಕ್ಕಪಕ್ಕದ ಮನೆಯವರ ಪಂದ್ಯಾವಳಿ.

1993ರಲ್ಲಿ ಲಾಹೋರಿನಲ್ಲಿ ಇದು ಸಾರ್ಕ್ ಗೋಲ್ಡ್ ಕಪ್ ಅನ್ನೋ ಹೆಸರಲ್ಲಿ ಶುರುವಾಯಿತು. ಆ ಮೊದಲ ಕಪ್ಪನ್ನು ಗೆದ್ದದ್ದು ಭಾರತ. 2023ರಲ್ಲಿ ಬೆಂಗಳೂರಿನಲ್ಲಿ ಗೆದ್ದದ್ದು ಒಂಬತ್ತನೇ ಸಲ.

ಆ ವರ್ಷ ಜೂನ್ 21ರಿಂದ ಜುಲೈ 4ರವರೆಗೆ ಎರಡು ವಾರ ಆಟ. ಶ್ರೀಲಂಕಾದ ಫುಟ್ಬಾಲ್ ಸಂಸ್ಥೆಯನ್ನು ಫಿಫಾ ಅಮಾನತು ಮಾಡಿದ್ದರಿಂದ ಅವರು ಬರಲಿಲ್ಲ. ತಂಡಗಳ ಲೆಕ್ಕ ಎಂಟಾಗಲಿ ಅಂತ ಕುವೈತ್ ಮತ್ತು ಲೆಬನಾನ್ ತಂಡಗಳನ್ನು ಅತಿಥಿಗಳಾಗಿ ಕರೆದರು. ಅತಿಥಿಗಳು ಅಂತ ಹಗುರವಾಗಿ ನೋಡುವ ಹಾಗಿರಲಿಲ್ಲ. ಕುವೈತ್ 1980ರಲ್ಲಿ ಏಷ್ಯಾ ಕಪ್ ಗೆದ್ದು 1982ರಲ್ಲಿ ವಿಶ್ವಕಪ್ ಆಡಿದ ದೇಶ.

ಕರ್ನಾಟಕಕ್ಕೂ ಅದು ಒಳ್ಳೆಯ ವರ್ಷವೇ. ಅದೇ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ನಮ್ಮ ರಾಜ್ಯ ಸಂತೋಷ್ ಟ್ರೋಫಿ ಗೆದ್ದಿತ್ತು. ಅದಕ್ಕೆ ಮೊದಲು ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಅಂತಿತ್ತು. ನಡುವೆ 54 ವರ್ಷ. ನಮ್ಮ ತೆಂಗಿನ ಸೀಮೆಯಲ್ಲಿ ಎಷ್ಟು ಜನಕ್ಕೆ ಈ ಸುದ್ದಿ ಗೊತ್ತಾಯಿತು? ನನಗೇ ಗೊತ್ತಾಗಿದ್ದು ಎರಡು ದಿನ ಬಿಟ್ಟು.

ಆ ರಾತ್ರಿ

ಶೆಟ್ಟಿಕೆರೆಯಿಂದ ಬಸ್ಸಲ್ಲಿ ತಿಪಟೂರು, ಅಲ್ಲಿಂದ ರೈಲಲ್ಲಿ ಬೆಂಗಳೂರು. ಲಗ್ಗೆರೆಯಲ್ಲಿ ಗಾರ್ಮೆಂಟ್ಸ್ ಕೆಲಸಕ್ಕಿರುವ ನಮ್ಮ ಭಾವನ ರೂಮಲ್ಲಿ ಚೀಲ ಇಟ್ಟು, ಅವರನ್ನೂ ಎಳಕೊಂಡು ಹೋದೆ. "ಕ್ರಿಕೆಟ್ ಆಗಿದ್ರೆ ಸರಿ, ಇದೇನ್ ನೋಡೋದು" ಅಂತ ದಾರಿಯುದ್ದಕ್ಕೂ ಗೊಣಗಿದರು.

ಒಳಗೆ ಹೋದರೆ ಸುಮಾರು 25 ಸಾವಿರ ಜನ. ಭಾವನ ಗೊಣಗಾಟ ಅಲ್ಲಿಗೆ ನಿಂತಿತು.

ಎದುರಾಳಿ ಕುವೈತ್. ಹದಿನಾಲ್ಕನೇ ನಿಮಿಷದಲ್ಲಿ ಅವರು ಗೋಲು ಹೊಡೆದರು, ಕ್ರೀಡಾಂಗಣ ಗಪ್‌ಚುಪ್. ಮೊದಲರ್ಧ ಮುಗಿಯುವುದರೊಳಗೆ ಮಿಜೋರಾಂನ ಲಾಲಿಯನ್‌ಜುವಾಲಾ ಛಾಂಗ್ಟೆ ಸಮ ಮಾಡಿದ. ಅಲ್ಲಿಂದ 90 ನಿಮಿಷ ಮುಗಿದರೂ 1-1, ಹೆಚ್ಚುವರಿ ಅರ್ಧ ಗಂಟೆ ಮುಗಿದರೂ 1-1. ಕೊನೆಗೆ ಪೆನಾಲ್ಟಿ. ಕುವೈತ್‌ನವರು ಮೊದಲನೆಯದನ್ನೇ ಕಳಕೊಂಡರು, ಆಮೇಲೆ ನಮ್ಮ ಉದಾಂತ ಸಿಂಗ್ ಕೂಡ ಒಂದನ್ನು ಕಳೆದ. ಐದೈದು ಮುಗಿದಾಗ 4-4. ಆರನೆಯದನ್ನು ಮಣಿಪುರದ ಮಹೇಶ್ ಸಿಂಗ್ ಹೊಡೆದ. ಕುವೈತ್‌ನ ಆರನೆಯದನ್ನು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಪಕ್ಕಕ್ಕೆ ಹಾರಿ ತಡೆದ. 5-4.

ಇಡೀ ಕ್ರೀಡಾಂಗಣ ಎದ್ದು ನಿಂತು 'ವಂದೇ ಮಾತರಂ' ಹಾಡಿತು. ನಮ್ಮ ಭಾವ ನನ್ನ ಹೆಗಲು ಹಿಡಿದು ಅಲ್ಲಾಡಿಸುತ್ತಿದ್ದರು.

ಹಿಂದಿರುಗುವಾಗ ಮೆಟ್ರೋ ನಿಲ್ದಾಣದ ಹತ್ತಿರ ಒಬ್ಬ ಹುಡುಗ ತನ್ನ ಗೆಳೆಯನಿಗೆ ಹೇಳುತ್ತಿದ್ದ: "ಸ್ಯಾಫ್ ಗೆದ್ರೆ ಏನು ಮಗಾ, ವರ್ಲ್ಡ್ ಕಪ್ ಆಡೋಕಾಗುತ್ತಾ?" ನಮ್ಮ ದೊಡ್ಡಪ್ಪನ ದಿಲ್ಲಿ ಪ್ರಶ್ನೆಯೂ ಇದೇ, ಊರು ಮಾತ್ರ ಬೇರೆ.

ಆ ಹುಡುಗ ಹೇಳಿದ್ದು ನಿಜವಾಯಿತು

ಇಲ್ಲಿ ನನಗೆ ಅನುಕೂಲವಾದದ್ದನ್ನು ಮಾತ್ರ ಹೇಳಿ ಮುಂದೆ ಹೋಗೋದು ಸರಿಯಲ್ಲ. ಆಮೇಲೆ ಏನಾಯಿತು ಅನ್ನೋದನ್ನೂ ನೋಡೋಣ.

ಆ ಜುಲೈನಲ್ಲಿ ಫಿಫಾ ಪಟ್ಟಿಯಲ್ಲಿ ಭಾರತ 99ನೇ ಸ್ಥಾನಕ್ಕೆ ಬಂತು. ನೂರರೊಳಗೆ ಬಂದೆವು ಅಂತ ಎಲ್ಲರಿಗೂ ಖುಷಿ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ಏಷ್ಯಾ ಕಪ್ ನಡೆಯಿತು. ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ, ಮೂವರ ಮೇಲೂ ಸೋತೆವು, ಒಂದೇ ಒಂದು ಗೋಲೂ ಹೊಡೆಯಲಿಲ್ಲ. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಮೇಲೆ 1-2ರಿಂದ ಸೋತೆವು. ಜೂನ್ 6ರಂದು ಕೋಲ್ಕತ್ತದಲ್ಲಿ ಅದೇ ಕುವೈತ್ ಜೊತೆ 0-0. ಅವತ್ತು ಸುನಿಲ್ ಛೆಟ್ರಿ ಕಣ್ಣೀರು ಹಾಕುತ್ತಾ ನಿವೃತ್ತಿ ಹೇಳಿದ. ವಿಶ್ವಕಪ್ ಅರ್ಹತೆಯ ಮುಂದಿನ ಸುತ್ತಿಗೆ ನಾವು ಹೋಗಲಿಲ್ಲ. 2025ರ ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶ ನಮ್ಮನ್ನು 1-0ಯಿಂದ ಸೋಲಿಸಿತು.

ಹಾಗಾದರೆ ಆ ಕಪ್ಪಿಗೆ ಬೆಲೆ ಇಲ್ಲವೇ?

ನನ್ನ ಪ್ರಕಾರ ನಾವು ಲೆಕ್ಕ ಹಾಕೋದೇ ತಪ್ಪು. ಸಣ್ಣ ಕಪ್ಪು ದೊಡ್ಡ ಕಪ್ಪಿಗೆ ಕರಕೊಂಡು ಹೋದರೆ ಮಾತ್ರ ಅದಕ್ಕೆ ಬೆಲೆ ಅಂತ ನಾವು ಅಂದುಕೊಂಡಿದ್ದೇವೆ. ಸಂತೆ ನಡೆಯೋದು ಬೆಂಗಳೂರಿನ ಮಾರ್ಕೆಟ್ಟಿಗೆ ಮೆಟ್ಟಿಲಾಗಲಿ ಅಂತಲ್ಲ. ಸುತ್ತಿನ ಹತ್ತೂರಿನವರು ವಾರಕ್ಕೊಮ್ಮೆ ಒಂದು ಕಡೆ ಸೇರಿ, ಮುಖ ನೋಡಿ, ಕೊಟ್ಟು ತಗೊಂಡು ಹೋಗಲಿ ಅಂತ. ನೆರೆಯವರ ಪಂದ್ಯಾವಳಿಯ ಕೆಲಸವೂ ಅದೇ. ನೆರೆಯವರು ನಿಯಮ ಇಟ್ಟುಕೊಂಡು ಎದುರುಬದುರಾಗಿ ನಿಲ್ಲಲು ಅದೊಂದು ಜಾಗ. ಗೆಲ್ಲೋದು ಸೋಲೋದು ಅದರೊಳಗಿನ ಮಾತು. ಆ ಜಾಗ ಉಳಿಯುತ್ತದೋ ಇಲ್ಲವೋ ಅನ್ನೋದು ಅದಕ್ಕಿಂತ ದೊಡ್ಡ ಮಾತು.

ಸಣ್ಣವರಿಗೆ ಸಿಗುವ ಜಾಗ

ಒಂಬತ್ತು ಸಲ ಗೆದ್ದ ನಮಗೆ ಈ ಕಪ್ಪು ಹಗುರವಾಗಿ ಕಾಣಬಹುದು. ನಮಗಿಂತ ಸಣ್ಣವರ ಕಡೆಯಿಂದ ನೋಡಿ.

ಮಾಲ್ಡೀವ್ಸ್ ದೇಶದ ಜನಸಂಖ್ಯೆ ಐದು ಲಕ್ಷದ ಆಸುಪಾಸು. ನಮ್ಮ ತುಮಕೂರು ಜಿಲ್ಲೆಯ ಜನ 2011ರ ಜನಗಣತಿಯಲ್ಲೇ 26 ಲಕ್ಷ ದಾಟಿದ್ದರು. ಅಂದರೆ ನಮ್ಮ ಜಿಲ್ಲೆಯ ಕಾಲು ಭಾಗವೂ ಇಲ್ಲದ ದೇಶ. ಆ ದೇಶ 2008ರಲ್ಲಿ ಕೊಲಂಬೊದಲ್ಲಿ ಭಾರತವನ್ನು 1-0ಯಿಂದ, 2018ರಲ್ಲಿ ಢಾಕಾದಲ್ಲಿ 2-1ರಿಂದ ಫೈನಲ್‌ನಲ್ಲೇ ಸೋಲಿಸಿ ಎರಡು ಸಲ ಸ್ಯಾಫ್ ಕಪ್ ಎತ್ತಿದೆ. ಅವರು ಬ್ರೆಜಿಲ್ ಜೊತೆ ಆಡಿದರೆ ಅದು ಬರೀ ತಮಾಷೆ. ನಮ್ಮ ಜೊತೆ ಆಡಿದಾಗ ಅದು ಪಂದ್ಯ.

ಭೂತಾನ್ ನೋಡಿ. 2002ರ ಜೂನ್ 30ರಂದು ಜಪಾನಿನಲ್ಲಿ ವಿಶ್ವಕಪ್ ಫೈನಲ್ ನಡೆದ ದಿನವೇ ಥಿಂಫುನಲ್ಲಿ ಇನ್ನೊಂದು ಪಂದ್ಯ ನಡೆಯಿತು. ಫಿಫಾ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿದ್ದ ಎರಡು ದೇಶಗಳಾದ ಭೂತಾನ್ ಮತ್ತು ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್ ಆಡಿದವು. ಭೂತಾನ್ 4-0ಯಿಂದ ಗೆದ್ದಿತು. ಪಟ್ಟಿಯಲ್ಲಿ ಕೊನೆಯವರಾದರೆ ಏನಂತೆ, ಆಡೋಕೆ ಒಬ್ಬ ಸರಿಸಮ ಬೇಕು. ಬೆಂಗಳೂರಿಗೆ ಬಂದಾಗ ಭೂತಾನ್ ಮೂರೂ ಪಂದ್ಯ ಸೋತಿತು. ಆದರೂ ಲೆಬನಾನ್ ಮೇಲೆ ಒಂದು, ಬಾಂಗ್ಲಾದೇಶದ ಮೇಲೆ ಒಂದು ಗೋಲು ಹೊಡೆದು ಹೋಯಿತು. ಬಾಂಗ್ಲಾದೇಶ 14 ವರ್ಷದ ಮೇಲೆ ಸೆಮಿಫೈನಲ್‌ಗೆ ಬಂತು, ಕುವೈತ್ ಎದುರು ಹೆಚ್ಚುವರಿ ಸಮಯದವರೆಗೂ ತಡೆದು 0-1ರಿಂದ ಸೋತಿತು. ಟೂರ್ನಿಯ ಅತ್ಯುತ್ತಮ ಗೋಲ್‌ಕೀಪರ್ ಪ್ರಶಸ್ತಿ ಹೋದದ್ದು ಅವರ ಅನಿಸುರ್ ರಹಮಾನ್‌ಗೆ.

ಇನ್ನು ಹೆಣ್ಣುಮಕ್ಕಳ ವಿಷಯ. ಇದನ್ನು ನಮ್ಮ ಹಳ್ಳಿಯವರು ತಿಳಿಯಲೇಬೇಕು.

ಬಾಂಗ್ಲಾದೇಶದ ಮೈಮನ್‌ಸಿಂಗ್ ಜಿಲ್ಲೆಯಲ್ಲಿ, ನಮ್ಮ ಮೇಘಾಲಯದ ಗಡಿಗೆ ಹತ್ತಿರ, ಕಲಸಿಂದೂರ್ ಅಂತ ಒಂದು ಹಳ್ಳಿ ಇದೆ. ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಯ ಹುಡುಗಿಯರು ಪ್ರಾಥಮಿಕ ಶಾಲೆಗಳ ಫುಟ್ಬಾಲ್ ಪಂದ್ಯಾವಳಿ ಆಡಲು ಶುರು ಮಾಡಿದರು. ಶಾಲೆ ಶಾಲೆಗಳ ನಡುವೆ ಶುರುವಾಗುವ, ನಮ್ಮ ಹೋಬಳಿ ಮಟ್ಟದ ಕ್ರೀಡಾಕೂಟದಂಥದ್ದೇ ಪಂದ್ಯಾವಳಿ. ಅಲ್ಲಿ ಗೆದ್ದು ಗೆದ್ದು ಆ ಒಂದೇ ಹಳ್ಳಿಯಿಂದ ಮಾರಿಯಾ ಮಾಂಡಾ, ಸಂಜಿದಾ ಅಖ್ತರ್ ಸೇರಿದಂತೆ ಹಲವರು ರಾಷ್ಟ್ರೀಯ ತಂಡಕ್ಕೆ ಹೋದರು. 2022ರ ಸೆಪ್ಟೆಂಬರ್ 19ರಂದು ಕಠ್ಮಂಡುವಿನಲ್ಲಿ ಆತಿಥೇಯ ನೇಪಾಳವನ್ನು 3-1ರಿಂದ ಸೋಲಿಸಿ ಬಾಂಗ್ಲಾದೇಶ ಮೊದಲ ಸಲ ಮಹಿಳಾ ಸ್ಯಾಫ್ ಗೆದ್ದಿತು. ಅದಕ್ಕೆ ಮೊದಲಿನ ಐದೂ ಕಪ್ ಭಾರತದ ಹತ್ತಿರ ಇದ್ದವು.

ಫೈನಲ್‌ಗೆ ಮೊದಲು ಸಂಜಿದಾ ಫೇಸ್‌ಬುಕ್‌ನಲ್ಲಿ ಬರೆದುಕೊಂಡಿದ್ದಳು. ಛಾವಣಿ ತೆಗೆದ ಬಸ್ಸಿನಲ್ಲಿ ನಮ್ಮನ್ನು ಮೆರವಣಿಗೆ ಮಾಡದಿದ್ದರೂ ಪರವಾಗಿಲ್ಲ, ನಮ್ಮನ್ನು ಹಗುರ ಮಾಡಿದವರಿಗಾಗಿ ಈ ಕಪ್ಪು ಗೆಲ್ಲಬೇಕು ಅನ್ನೋ ಅರ್ಥದಲ್ಲಿ. ಗೆದ್ದು ಬಂದಾಗ ಢಾಕಾದಲ್ಲಿ ಸರ್ಕಾರಿ ಬಸ್ಸೊಂದರ ಛಾವಣಿಯನ್ನು ನಿಜವಾಗಿಯೂ ಕತ್ತರಿಸಿ ತೆಗೆದು ಮೆರವಣಿಗೆ ಮಾಡಿದರು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ ಕಠ್ಮಂಡುವಿನಲ್ಲಿ, ಅದೇ ನೇಪಾಳದ ಮೇಲೆ 2-1ರಿಂದ ಗೆದ್ದರು. 2025ರಲ್ಲಿ ಮೊದಲ ಬಾರಿಗೆ ಮಹಿಳಾ ಏಷ್ಯಾ ಕಪ್‌ಗೆ ಅರ್ಹತೆ ಪಡೆದರು.

ಇವರು ದೊಡ್ಡ ಕಪ್ಪಿಗೆ ಹೋಗಿಯೇ ಹೋದರು. ಆದರೆ ಹೋಗುತ್ತೇವೆ ಅಂತ ಗೊತ್ತಿದ್ದು ಯಾರೂ ಆ ಶಾಲೆಯ ಬಯಲಲ್ಲಿ ಆಡೋಕೆ ಇಳಿದಿರಲಿಲ್ಲ. ಪಕ್ಕದ ಶಾಲೆಯ ಜೊತೆ ಒಂದು ಪಂದ್ಯ ಇತ್ತು, ಅದಕ್ಕೆ ಇಳಿದರು.

ನೆರೆಯವರು ತಡವಾಗಿ ಬಂದರೆ

ಬೆಂಗಳೂರಿನ ಟೂರ್ನಿಯಲ್ಲಿ ನನಗೆ ಇವತ್ತಿಗೂ ಸಮಾಧಾನವಾಗದ ಸಂಗತಿ ಒಂದಿದೆ. ಅದು ಮೊದಲ ದಿನದ್ದು.

ಜೂನ್ 21ರ ಸಂಜೆ ಏಳೂವರೆಗೆ ಭಾರತ-ಪಾಕಿಸ್ತಾನ ಪಂದ್ಯ. ಪಾಕಿಸ್ತಾನ ತಂಡ ಮಾರಿಷಸ್‌ನಲ್ಲಿ ಇನ್ನೊಂದು ಟೂರ್ನಿ ಆಡಿ ಅಲ್ಲಿಂದ ಬರಬೇಕಿತ್ತು. ವೀಸಾ ತಡವಾಯಿತು. ತಂಡ ಬೆಂಗಳೂರು ತಲುಪಿದ್ದು ಪಂದ್ಯದ ದಿನವೇ. ಅದೂ ಎಲ್ಲರೂ ಒಟ್ಟಿಗೆ ಬರಲಿಲ್ಲ, ಎರಡು ಗುಂಪಾಗಿ ಬಂದರು. ಒಂದು ದಿನ ಅಭ್ಯಾಸ ಇಲ್ಲ, ಮೈದಾನ ಮುಟ್ಟಿ ನೋಡಿದ್ದಿಲ್ಲ, ಸರಿಯಾಗಿ ನಿದ್ದೆ ಇಲ್ಲ. ಸಂಜೆ ಮಳೆಯಲ್ಲಿ ಆಡೋಕೆ ಇಳಿದರು.

ಹತ್ತನೇ ನಿಮಿಷಕ್ಕೇ ಅವರ ಗೋಲ್‌ಕೀಪರ್ ತನ್ನ ಕಡೆಗೆ ಬಂದ ಚೆಂಡನ್ನು ದೂರ ಒದೆಯಲಾರದೆ ತಡವರಿಸಿದ, ಛೆಟ್ರಿ ಗೋಲು ಹೊಡೆದ. ಕೊನೆಗೆ 4-0. ಛೆಟ್ರಿಯದ್ದು ಮೂರು, ಉದಾಂತನದ್ದು ಒಂದು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆ ರಾತ್ರಿ ಪಟಾಕಿ ಚಿತ್ರಗಳೇ ಚಿತ್ರಗಳು. ನಾನೂ ಎರಡು ಕಳಿಸಿದ್ದೆ.

ಈಗ ಯೋಚಿಸಿದರೆ ಆ ಗೆಲುವು ನನಗೆ ಅರ್ಧ ಗೆಲುವಾಗಿ ಕಾಣುತ್ತದೆ. ಅವರು ಮೂರು ದಿನ ಮೊದಲೇ ಬಂದಿದ್ದರೂ ನಾವೇ ಗೆಲ್ಲುತ್ತಿದ್ದೆವು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಅವರು ಆ ಟೂರ್ನಿಯಲ್ಲಿ ಮೂರೂ ಪಂದ್ಯ ಸೋತರು, ಒಂದು ಗೋಲೂ ಹೊಡೆಯಲಿಲ್ಲ. ಆದರೆ ಆತಿಥ್ಯ ವಹಿಸಿದವರ ಜವಾಬ್ದಾರಿ ಅಂತ ಒಂದಿರುತ್ತದೆ. ಊರಹಬ್ಬಕ್ಕೆ ನೆಂಟರನ್ನು ಕರೆದು, ಅವರು ಬಾಗಿಲಿಗೆ ಬರುವ ಹೊತ್ತಿಗೆ ಎಲೆ ಎತ್ತಿಬಿಟ್ಟರೆ ಊಟ ಹಾಕಿದೆವು ಅಂತ ಹೇಳಿಕೊಳ್ಳೋಕಾಗುತ್ತಾ? ಎರಡು ದೇಶಗಳ ನಡುವಿನ ವ್ಯವಹಾರ ಕಷ್ಟದ್ದು, ವೀಸಾ ಕೊಡೋ ಮುಂಚೆ ನೋಡಬೇಕಾದದ್ದು ನೂರಿರುತ್ತದೆ, ಒಪ್ಪಿದೆ. ಆಡೋಕೆ ಬನ್ನಿ ಅಂತ ಒಪ್ಪಿಕೊಂಡ ಮೇಲೆ ಸರಿಯಾಗಿ ಆಡುವಷ್ಟು ಹೊತ್ತಿಗೆ ಬರುವಂತೆ ಮಾಡಬೇಕು. ಬೇಡ ಅನ್ನುವುದಾದರೆ ಮೊದಲೇ ಬೇಡ ಅನ್ನಬೇಕು.

ಈ ಟೂರ್ನಿ ಯಾಕೆ ಬೇಕು ಅನ್ನೋದಕ್ಕೆ ಇನ್ನೊಂದು ಲೆಕ್ಕ ಕೊಡುತ್ತೇನೆ. ಸಾರ್ಕ್ ಹೆಸರಲ್ಲಿ ಈ ಕಪ್ಪು ಶುರುವಾಯಿತು ಅಂದೆನಲ್ಲ, ಆ ಸಾರ್ಕ್ ದೇಶಗಳ ನಾಯಕರ ಶೃಂಗಸಭೆ ಕೊನೆಯದಾಗಿ ನಡೆದದ್ದು 2014ರ ನವೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ. 2016ರಲ್ಲಿ ಇಸ್ಲಾಮಾಬಾದ್‌ನಲ್ಲಿ ಆಗಬೇಕಿದ್ದದ್ದು ಆಗಲಿಲ್ಲ. ಅಲ್ಲಿಂದ ಒಂದೇ ಮೇಜಿನ ಸುತ್ತ ಅವರು ಹಾಗೆ ಕೂತದ್ದಿಲ್ಲ. ಅದೇ ಅವಧಿಯಲ್ಲಿ ಫುಟ್ಬಾಲ್ ಆಡುವವರು ತಿರುವನಂತಪುರದಲ್ಲಿ, ಢಾಕಾದಲ್ಲಿ, ಮಾಲೆಯಲ್ಲಿ, ಬೆಂಗಳೂರಿನಲ್ಲಿ ಸೇರಿದರು. ಎಲ್ಲ ಸಲವೂ ಎಲ್ಲರೂ ಬಂದರು ಅಂತಲ್ಲ. ಒಬ್ಬರು ಹಿಂದೆ ಸರಿದರು, ಇನ್ನೊಬ್ಬರು ಅಮಾನತಾಗಿದ್ದರು. ಆದರೂ ಚಾಪೆ ಹಾಸಿಯೇ ಇತ್ತು, ಬಂದವರು ಕೂತರು. ದೊಡ್ಡವರು ಮಾತು ಬಿಟ್ಟ ಮನೆಗಳಲ್ಲಿ ಮಕ್ಕಳು ಬೇಲಿ ದಾಟಿ ಆಡಿಕೊಂಡಿರುತ್ತಾರಲ್ಲ, ಹಾಗೆ.

ಗೆರೆ ಒಳಗೋ ಹೊರಗೋ

ಆ ಭಾರತ-ಪಾಕಿಸ್ತಾನ ಪಂದ್ಯದಲ್ಲೇ ಇನ್ನೊಂದು ಘಟನೆ ಆಯಿತು. ಮೊದಲರ್ಧ ಮುಗಿಯುವ ಹೊತ್ತಿಗೆ ಚೆಂಡು ಗೆರೆ ದಾಟಿ ಹೊರಗೆ ಬಂತು. ಪಾಕಿಸ್ತಾನದ ಆಟಗಾರ ಅದನ್ನು ಕೈಯಲ್ಲಿ ಹಿಡಿದು ಒಳಗೆ ಎಸೆಯಲು ಹೊರಟ. ಗೆರೆ ಪಕ್ಕ ನಿಂತಿದ್ದ ನಮ್ಮ ಕೋಚ್, ಕ್ರೊವೇಷಿಯಾದ ಇಗೊರ್ ಸ್ಟಿಮಾಕ್, ಹಿಂದಿನಿಂದ ಅವನ ಕೈಯಲ್ಲಿದ್ದ ಚೆಂಡನ್ನು ತಟ್ಟಿ ಬೀಳಿಸಿದರು. ಎರಡೂ ಕಡೆಯವರು ನೂಕಾಡಿಕೊಂಡರು. ರೆಫರಿ ಸ್ಟಿಮಾಕ್‌ಗೆ ರೆಡ್ ಕಾರ್ಡ್ ತೋರಿಸಿ ಹೊರಗೆ ಕಳಿಸಿದರು.

ಮರುದಿನ ಸ್ಟಿಮಾಕ್, ನಮ್ಮ ಹುಡುಗರನ್ನು ಕಾಪಾಡಲು ಬೇಕಾದರೆ ಮತ್ತೆ ಹಾಗೇ ಮಾಡುತ್ತೇನೆ ಅನ್ನೋ ಅರ್ಥದಲ್ಲಿ ಬರೆದರು. ನಮ್ಮಲ್ಲಿ ಬಹಳ ಜನ ಚಪ್ಪಾಳೆ ತಟ್ಟಿದರು. ಆರು ದಿನ ಬಿಟ್ಟು ಕುವೈತ್ ಜೊತೆಗಿನ ಲೀಗ್ ಪಂದ್ಯದಲ್ಲಿ ಅವರಿಗೆ ಮತ್ತೆ ರೆಡ್ ಕಾರ್ಡ್ ಬಂತು. ಶಿಕ್ಷೆಯಾಗಿ ಸೆಮಿಫೈನಲ್, ಫೈನಲ್ ಎರಡಕ್ಕೂ ಅವರು ತಂಡದ ಪಕ್ಕ ನಿಲ್ಲುವಂತಿರಲಿಲ್ಲ. ಕಪ್ಪು ಗೆದ್ದ ರಾತ್ರಿ ಗೆರೆ ಪಕ್ಕ ನಿಂತು ತಂಡ ನಡೆಸಿದವರು ಸಹಾಯಕ ಕೋಚ್ ಮಹೇಶ್ ಗಾವ್ಳಿ.

ಇದನ್ನು ಓದುವಾಗ ನಮ್ಮೂರಿನ ಹರಿದ ನೆಟ್ಟು ನೆನಪಾಗದೇ ಇರುತ್ತದೆಯೇ? ವ್ಯತ್ಯಾಸ ಇಷ್ಟೇ. ಕಂಠೀರವದಲ್ಲಿ ರೆಫರಿ ಎರಡೂ ದೇಶದವರಾಗಿರಲಿಲ್ಲ. ಅವರು ಆತಿಥೇಯ ದೇಶದ ಕೋಚ್‌ಗೇ ಅವರ ಜನರ ಮುಂದೆಯೇ ಕಾರ್ಡ್ ತೋರಿಸಿದರು. ಜಗಳ ಆಯಿತು, ಐದು ನಿಮಿಷದಲ್ಲಿ ಮುಗಿಯಿತು, ಆಟ ಮುಂದುವರಿಯಿತು. ನಮ್ಮೂರಲ್ಲಿ ಅಂಪೈರೂ ನಾವೇ, ಆತಿಥೇಯರೂ ನಾವೇ, ಕಪ್ಪು ಗೆಲ್ಲಬೇಕಾದವರೂ ನಾವೇ. ಹಾಗಾಗಿ ಜಗಳ ಮುಗಿಯಲಿಲ್ಲ, ಆಟ ಮುಗಿಯಿತು.

ದೊಡ್ಡಪ್ಪ ಹೇಳೋದು ಆಟ ಆಡಿದ್ದಕ್ಕೆ ಜಗಳವಾಯಿತು ಅಂತ. ನಾನು ಹೇಳೋದು ಆಟವನ್ನು ಅರ್ಧ ಮಾತ್ರ ಕಟ್ಟಿದ್ದಕ್ಕೆ ಜಗಳವಾಯಿತು ಅಂತ.

ಫೈನಲ್ ರಾತ್ರಿಯದ್ದೇ ಇನ್ನೊಂದು ಮಾತು. ಪದಕ ತಗೊಳ್ಳುವಾಗ ಮಣಿಪುರದ ಆಟಗಾರ ಜೀಕ್ಸನ್ ಸಿಂಗ್ ಏಳು ಬಣ್ಣದ ಬಾವುಟವೊಂದನ್ನು ಹೊದ್ದುಕೊಂಡಿದ್ದ. ಅದು ಮಣಿಪುರದ ಮೈತೇಯಿ ಸಮುದಾಯದವರ ಹಳೆಯ ಬಾವುಟ. ಅದೇ ಮೇ 3ರಿಂದ ಆ ರಾಜ್ಯ ಹೊತ್ತಿ ಉರಿಯುತ್ತಿತ್ತು. ಯಾರ ಮನಸ್ಸನ್ನೂ ನೋಯಿಸಬೇಕು ಅಂತಲ್ಲ, ಮಣಿಪುರದ ಕಡೆ ಗಮನ ಹೋಗಲಿ, ಶಾಂತಿ ಬರಲಿ ಅಂತ ಹಾಗೆ ಮಾಡಿದೆ ಅಂತ ಅವನು ಆಮೇಲೆ ಹೇಳಿದ. ಕೆಲವರು ಬೈದರು, ಕೆಲವರು ಅಯ್ಯೋ ಪಾಪ ಅಂದರು. ನಮ್ಮ ಭಾವ ನನ್ನನ್ನು ಕೇಳಿದರು: "ಮಣಿಪುರದಲ್ಲಿ ಏನಾಗೈತೆ?" ಎರಡು ತಿಂಗಳಿಂದ ಸುದ್ದಿ ಓಡುತ್ತಿದ್ದರೂ ಅವರಿಗೆ ತಲುಪಿರಲಿಲ್ಲ. ಒಂದು ಸಣ್ಣ ಕಪ್ಪಿನ ರಾತ್ರಿ ತಲುಪಿತು.

ನಮ್ಮೂರಿಗೆ ಇದರಿಂದ ಏನು?

ಹುಡುಗರು ವಾಲಿಬಾಲ್ ಆಡಲಿ, ಕಬಡ್ಡಿ ಆಡಲಿ, ಯಾರಾದರೂ ಫುಟ್ಬಾಲ್ ತಂದರೆ ಇನ್ನೂ ಖುಷಿ. ಆದರೆ ಶುರು ಮಾಡುವ ಮುಂಚೆ ಸ್ಯಾಫ್‌ನಿಂದ ಕಲಿಯಬಹುದಾದ ನಾಲ್ಕು ಮಾತು ಹೇಳುತ್ತೇನೆ. ನಮ್ಮ ಹೋಬಳಿಯವರು, ತಿಪಟೂರು-ತುರುವೇಕೆರೆ ಕಡೆಯವರೂ ಓದಿ, ತಪ್ಪಿದ್ದರೆ ಹೇಳಿ.

ಒಂದು, ಅಂಪೈರ್ ಮೂರನೇ ಊರಿನವರಿರಲಿ. ಆಡುವ ಎರಡೂ ಊರಿಗೆ ಸೇರದವರು. ತಾಲ್ಲೂಕಿನ ಶಾಲೆಗಳ ದೈಹಿಕ ಶಿಕ್ಷಕರನ್ನು ಕೇಳಿದರೆ ಬರುತ್ತಾರೆ. ಅವರಿಗೆ ಬಸ್ ಚಾರ್ಜು, ಊಟ, ಒಂದು ಶಾಲು ಕೊಡೋದು ನಮಗೆ ಭಾರ ಅಲ್ಲ. ಅವರು ಹೇಳಿದ್ದೇ ಕೊನೆ ಮಾತು ಅಂತ ಆಟಕ್ಕೆ ಮೊದಲು ಎರಡೂ ಊರಿನ ಹಿರಿಯರು ಮೈಕಿನಲ್ಲಿ ಹೇಳಬೇಕು.

ಎರಡು, ಜಾಗ ಬದಲಾಗಲಿ. ಸ್ಯಾಫ್ ಒಂದು ಸಲ ಢಾಕಾ, ಒಂದು ಸಲ ಮಾಲೆ, ಒಂದು ಸಲ ಬೆಂಗಳೂರು. ಹಾಗೇ ಈ ವರ್ಷ ನಮ್ಮೂರಲ್ಲಾದರೆ ಮುಂದಿನ ವರ್ಷ ಮಾತು ಬಿಟ್ಟಿರುವ ಆ ಪಕ್ಕದೂರಲ್ಲೇ ಆಗಲಿ. ಅವರ ಊರಿಗೆ ನಾವು ಹೋಗಿ ಆಡಿ, ಅವರ ಮನೆ ನೀರು ಕುಡಿದು ಬಂದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಬಂದ ತಂಡಕ್ಕೆ ಆಟಕ್ಕೆ ಮೊದಲು ಒಂದು ಗಂಟೆ ಮೈದಾನ ಬಿಟ್ಟುಕೊಡಬೇಕು. ಪ್ರತಿಯೊಬ್ಬರಿಗೂ ಒಂದು ಎಳನೀರು. ತೆಂಗಿನ ಸೀಮೆಯಲ್ಲಿ ಇದಕ್ಕೂ ಬಡತನವೇ?

ಮೂರು, ನಮಗಿಂತ ಗಟ್ಟಿ ತಂಡ ಒಂದನ್ನು ಹೊರಗಿನಿಂದ ಕರೆಯಿರಿ. ಕುವೈತ್, ಲೆಬನಾನ್ ಇಲ್ಲದಿದ್ದರೆ ಭಾರತ ಸುಲಭವಾಗಿ ಗೆದ್ದು ಮನೆಗೆ ಹೋಗುತ್ತಿತ್ತು. ಆ ಅತಿಥಿಗಳು ಬಂದದ್ದರಿಂದಲೇ ಸೆಮಿಫೈನಲ್ ಫೈನಲ್ ಎರಡೂ ಪೆನಾಲ್ಟಿವರೆಗೆ ಹೋದವು, ನಮ್ಮ ಅಳತೆ ನಮಗೆ ಗೊತ್ತಾಯಿತು. ತಿಪಟೂರಿನಿಂದ ಒಂದು ಕಾಲೇಜು ತಂಡ ಬಂದರೆ ನಮ್ಮ ಹುಡುಗರಿಗೂ ಹಾಗೇ ಗೊತ್ತಾಗುತ್ತದೆ.

ನಾಲ್ಕು, ಹೆಣ್ಣುಮಕ್ಕಳಿಗೂ ಒಂದು ಪಂದ್ಯ ಇರಲಿ. ನಮ್ಮ ಹೈಸ್ಕೂಲಿನ ಹುಡುಗಿಯರು ಖೋ ಖೋ, ಥ್ರೋಬಾಲ್ ಆಡುವುದನ್ನು ನಾನು ನೋಡಿದ್ದೇನೆ. ಹತ್ತನೇ ಕ್ಲಾಸು ಮುಗಿದ ಮೇಲೆ ಅವರಿಗೆ ಆಡೋಕೆ ಜಾಗವೇ ಇಲ್ಲ. ಕಲಸಿಂದೂರ್ ಕೂಡ ನಮ್ಮಂಥದ್ದೇ ಒಂದು ಹಳ್ಳಿ. ನಮ್ಮಲ್ಲಿಂದ ರಾಷ್ಟ್ರೀಯ ತಂಡಕ್ಕೆ ಯಾರೂ ಹೋಗದೇ ಇರಬಹುದು. ಊರ ಬಯಲಲ್ಲಿ ಹಗಲು ಹೊತ್ತು, ಎಲ್ಲರೂ ನೋಡುವಾಗ, ತಮ್ಮ ಹೆಸರಲ್ಲಿ ಒಂದು ಪಂದ್ಯ ಆಡುವುದೇ ಅವರಿಗೆ ಸಿಗಬೇಕಾದ ಪಾಲು.

ಇಷ್ಟಾದರೂ ಜಗಳ ಆಗುವುದಿಲ್ಲ ಅಂತ ನಾನು ಬರೆದುಕೊಡಲಾರೆ. ನೆರೆಯವರ ನಡುವೆ ಆಟ ಇದ್ದಲ್ಲಿ ಒಂದಷ್ಟು ಬಿಸಿ ಇದ್ದೇ ಇರುತ್ತದೆ. ಆದರೆ ಆಟ ನಿಲ್ಲಿಸಿದ್ದರಿಂದ ಜಗಳ ಹೋಯಿತೇ? ಇಷ್ಟು ವರ್ಷ ಆಡಲಿಲ್ಲ, ಮಾತೂ ಇಲ್ಲ. ಈಗಿನ ಹುಡುಗರಿಗೆ ಆ ಊರಿನ ಹುಡುಗರ ಹೆಸರೂ ಗೊತ್ತಿಲ್ಲ. ಕೊಬ್ಬರಿ ಹರಾಜಿಗೆ ತಿಪಟೂರಿಗೆ ಹೋದಾಗ ಪಕ್ಕಪಕ್ಕ ನಿಂತು ರೇಟು ಕೇಳಿಕೊಂಡು ಬರುತ್ತಾರೆ, ಅಷ್ಟೇ. ಬೆಲೆ ಬಿದ್ದಾಗ ಇಬ್ಬರಿಗೂ ಬೀಳುತ್ತದೆ. ರಸರೋಗ ಬಂದರೆ ಇಬ್ಬರ ತೋಟಕ್ಕೂ ಬರುತ್ತದೆ. ಇಂಥವರು ವರ್ಷಕ್ಕೆ ಎರಡು ದಿನ ಒಂದು ಬಯಲಲ್ಲಿ ಎದುರುಬದುರು ನಿಂತರೆ ಕಳಕೊಳ್ಳೋದೇನು?

ಇದನ್ನೆಲ್ಲ ಒಂದು ಸಂಜೆ ದೊಡ್ಡಪ್ಪನಿಗೆ ಹೇಳಿದೆ. ಮೊಬೈಲಿನಲ್ಲಿ ಗುರ್‌ಪ್ರೀತ್ ಪೆನಾಲ್ಟಿ ತಡೆದದ್ದನ್ನೂ ತೋರಿಸಿದೆ. ಎರಡು ಸಲ ನೋಡಿದರು. "ಇವ್ನು ಯಾವೂರ್ನೋನು?" ಅಂದರು. ಪಂಜಾಬಿನವನು ಅಂದೆ. "ಗೋಲ್ ಹೊಡ್ದೋನು?" ಮಿಜೋರಾಂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಪೈರು ನಮ್ಮೂರ್ನೋನು ಬ್ಯಾಡ ಅಂದ್ಯಲ್ಲ, ಅದು ಸರಿ ಕಣಪ್ಪ. ಆವತ್ತು ಚೆಂಡು ಹೊರಗೇ ಬಿದ್ದಿತ್ತು" ಅಂದರು.

ಆ ಫೈನಲ್‌ನ ಅಂಪೈರ್ ನಮ್ಮ ದೊಡ್ಡಪ್ಪನೇ.

ಚಂದಾ ಪುಸ್ತಕದಲ್ಲಿ ಈಗ ಅವರ ಹೆಸರು ಮೊದಲನೆಯದು. ಆ ಪಕ್ಕದೂರಿಗೆ ಕರೆಯೋಕೆ ಹೋಗುವ ದಿನ ತಾವೂ ಬರುತ್ತೇನೆ ಅಂದಿದ್ದಾರೆ. ಆ ಊರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಬಾಗಿಲು ತೆಗೆದಿಡಿ. ಅಟ್ಟದ ಮೇಲಿನ ಕಪ್ಪನ್ನು ಒರೆಸಿ ತರುತ್ತೇವೆ. ಅದು ನಿಮಗೇ ಸೇರಬೇಕಾದದ್ದು.